ಎಂಟನೇ ದೀಪ

ನಮ್ಮ ಭಾವ ಒಳ್ಳೆಯವರು. ಬೀಡಿ ಸಿಗರೇಟಿಲ್ಲ, ಯಾರ ಜೊತೆಗೂ ಜಗಳವಿಲ್ಲ, ಊಟದಲ್ಲಿ ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಒಂದೇ ಮುಖ. ಅವರಲ್ಲಿರುವ ದೋಷ ಒಂದೇ. ಹಿಂದಿನಿಂದ ಯಾರಾದರೂ ಕೂಗಿದರೆ ಬೆಚ್ಚಿ ಬೀಳುತ್ತಾರೆ. ಬೀಳುತ್ತಾರೆ ಅಂದದ್ದು ಮಾತಿನ ಅಲಂಕಾರಕ್ಕಲ್ಲ. ಮದುವೆಯಾದ ಹೊಸತರಲ್ಲಿ ಅವರು ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದಾಗ ನಮ್ಮಕ್ಕ ಹಿಂದೆ ಬಂದು ನಿಂತು "ರೀ, ಸಕ್ಕರೆ ಮುಗಿದಿದೆ" ಅಂದಳು. ಭಾವ ಸುತ್ತಿಗೆ ಸಮೇತ ನೆಲಕ್ಕೆ ಬಂದರು. ಅಂದಿನಿಂದ ಅಕ್ಕ ಕೀಗೊಂಚಲು ಅಲ್ಲಾಡಿಸಿಕೊಂಡೇ ಅವರ ಹತ್ತಿರ ಹೋಗುತ್ತಾಳೆ.

ಇದಕ್ಕೆ ಕಾರಣ ಅವರ ತಂದೆ. ರೈಲ್ವೆಯಲ್ಲಿ ಮೂವತ್ತಾರು ವರ್ಷ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು. ನಾವೆಲ್ಲ ಅವರನ್ನು ಸಿಗ್ನಲ್ ಮಾವ ಅನ್ನುತ್ತೇವೆ. ಸದ್ದಿಲ್ಲದೆ ನಡೆಯುವುದು, ಬೆನ್ನ ಹಿಂದೆ ನಿಲ್ಲುವುದು, ಇಂಜಿನ್ ಡ್ರೈವರನಿಗೂ ಕೇಳುವ ಗಂಟಲಲ್ಲಿ "ಏನೋ ಮಾಡ್ತಿದೀಯ?" ಅನ್ನುವುದು, ಇವು ಮೂರೂ ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಭಾವನ ಶಾಲೆಯ ನೋಟ್‌ಪುಸ್ತಕಗಳನ್ನು ನಾನು ನೋಡಿದ್ದೇನೆ. ಪ್ರತಿ ಪುಟದಲ್ಲೂ ಒಂದು ಅಕ್ಷರದಿಂದ ಹೊರಟ ಗೆರೆ ಪುಟದ ಅಂಚು ದಾಟಿ ಹೋಗಿದೆ. ಹತ್ತನೇ ವಯಸ್ಸಿನಲ್ಲಿ ಅಪ್ಪನ ಸಿಗ್ನಲ್ ಕೈದೀಪವನ್ನು ಒರೆಸಲು ಹೋಗಿ, ಹಿಂದಿನಿಂದ ಆ ದನಿ ಕೇಳಿ, ಅದರ ಹಸಿರು ಗಾಜಿಗೆ ಬಿರುಕು ಬಿಡಿಸಿದ್ದರಂತೆ. ಆ ದೀಪ ಈಗಲೂ ಬೀರುವಿನ ಮೇಲಿದೆ. ಸಿಗ್ನಲ್ ಮಾವನ ಹೊರತು ಯಾರೂ ಅದನ್ನು ಮುಟ್ಟುವಂತಿಲ್ಲ, ಭಾವನಂತೂ ಆ ಕಡೆ ನೋಡುವಂತೆಯೂ ಇಲ್ಲ.

ಇಂಥವರಿಗೆ ದೇವರು ಕೊಟ್ಟ ಕೆಲಸ ಯಾವುದು? ಸೋಪಿನ ಕಾರ್ಖಾನೆಯಲ್ಲಿ ಪ್ಯಾನಲ್ ಆಪರೇಟರು. ಮುಂದೆ ಮೂವತ್ತು ಗುಂಡಿಗಳು, ಹಿಂದೆ ಬಯಲಿನಂಥ ಖಾಲಿ ಜಾಗ, ಆ ಜಾಗದ ಕೊನೆಯಲ್ಲಿ ಗಾಜಿನ ಕಿಟಕಿಯಿದ್ದ ಮ್ಯಾನೇಜರ ಕೋಣೆ. ನಾನು ಅಕ್ಕನ ಮನೆಯಲ್ಲೇ ಇದ್ದುಕೊಂಡು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುತ್ತೇನೆ. ಹಾಗಾಗಿ ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕೆಲವು ಕಡೆ ಮಾತ್ರ ಕಿವಿಯಾರೆ ಕೇಳಿದ್ದು.

ಮ್ಯಾನೇಜರು ಕೆಟ್ಟವರಲ್ಲ. ಅವರಿಗೊಂದು ಅಭ್ಯಾಸವಿತ್ತು, ಅಷ್ಟೇ. ಗಂಟೆಗೊಮ್ಮೆ ಕೋಣೆಯಿಂದ ಹೊರಟು, ಬೆಕ್ಕಿನಂತೆ ನಲವತ್ತೆರಡು ಹೆಜ್ಜೆ ನಡೆದು, ಭಾವನ ಬೆನ್ನ ಹಿಂದೆ ನಿಂತು "ಏನ್ರೀ!" ಅನ್ನುತ್ತಿದ್ದರು. ಆ ಮಾತಿಗೆ ಅರ್ಥವೇನೂ ಇರಲಿಲ್ಲ. ಕೆಲವರಿಗೆ ಆಗಾಗ ಆಕಳಿಕೆ ಬರುತ್ತದೆ, ಇವರಿಗೆ ಏನ್ರೀ ಬರುತ್ತಿತ್ತು. ಆದರೆ ಭಾವನ ಕೈ ಆ ಕ್ಷಣ ಯಾವ ಗುಂಡಿಯ ಮೇಲಿದೆಯೋ ಅದರ ಪಕ್ಕದ ಗುಂಡಿಯನ್ನು ಒತ್ತಿಬಿಡುತ್ತಿತ್ತು. ಒಂದು ಸಲ ಪರಿಮಳವೇ ಇಲ್ಲದ ಸೋಪು ಬಂತು. ಇನ್ನೊಂದು ಸಲ ಮೂರು ದಿನದ ಪರಿಮಳವೆಲ್ಲ ಒಂದೇ ಹದಕ್ಕೆ, ಅಂದರೆ ಒಂದು ಸಲ ಕಲಸುವ ಸೋಪಿಗೆ, ಸುರಿದು, ಪ್ಯಾಕಿಂಗ್ ವಿಭಾಗದವರೆಲ್ಲ ಕಣ್ಣು ಒರೆಸಿಕೊಳ್ಳುತ್ತ ಕೆಲಸ ಮಾಡಿದೆವು. ಅರ್ಧ ಗಾತ್ರಕ್ಕೆ ಕತ್ತರಿಸಿದ ಸೋಪನ್ನು ನೌಕರರಿಗೆ ಹಂಚಿದರು. ನಮ್ಮ ಮನೆಯಲ್ಲಿ ಅದಿನ್ನೂ ಮುಗಿದಿಲ್ಲ. ಭಾವನಿಗೆ ಎರಡು ಎಚ್ಚರಿಕೆ ಪತ್ರ ಬಂದವು. ಮೂರನೆಯದು ಬಂದರೆ ಕೆಲಸ ಹೋಗುತ್ತದೆ ಎಂದು ಎರಡನೆಯ ಪತ್ರದ ಕೊನೆಯ ಸಾಲಿನಲ್ಲಿ ಬರೆದಿತ್ತು.

ಅಂಥ ಹೊತ್ತಿನಲ್ಲಿ ಹೊಸ ಕಂಟ್ರೋಲ್ ಬೋರ್ಡು ಬಂತು. ಸೋಪು ತಯಾರಾಗುವ ಇಡೀ ಲೈನನ್ನು ನಡೆಸುವ ಬೋರ್ಡು. ಅದರ ಮುಖದ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಎಂಟು ದೀಪಗಳು ಸಾಲಾಗಿ ಇದ್ದವು. ಅದನ್ನು ಕೂಡಿಸಲು ಬಂದ ಇಂಜಿನಿಯರು ಬಸ್ಸಿಗೆ ಹೊರಡುವ ಅವಸರದಲ್ಲೇ ಪಾಠ ಹೇಳಿದ.

"ಮೊದಲ ನಾಲ್ಕು ನಂದು, ಮುಟ್ಬೇಡಿ. ಒಂದು ಹತ್ತಿದ್ರೆ ಕರೆಂಟಿದೆ ಅಂತ. ಎರಡು, ಲೈನು ಓಡ್ತಿದೆ. ಮೂರು ಹತ್ತಲೇಬಾರದು, ಹತ್ತಿದ್ರೆ ಏನೋ ಕೆಟ್ಟಿದೆ ಅಂತ. ನಾಲ್ಕು, ಆಚೆ ಕಡೆ ಮಿಷಿನ್ ಜೊತೆ ಮಾತಾಡ್ತಿದೆ."

"ಐದರಿಂದ ಎಂಟು?" ಅಂದರು ಭಾವ.

"ಅವು ನಿಮ್ದು. ಏನು ಬೇಕೋ ಅದಕ್ಕೆ ಹಾಕ್ಕೊಳ್ಳಿ. ಈ ಕೀಲಿಮಣೆಯಲ್ಲಿ ದೀಪದ ನಂಬರು ಒತ್ತಿ, ಆಮೇಲೆ ವೈರಿನ ನಂಬರು ಒತ್ತಿ, ಸುಮ್ನೆ ಹತ್ಬೇಕಾ ಮಿಣುಕ್ಬೇಕಾ ಅಂತ ಒತ್ತಿ. ಮುಗೀತು."

ಮುಗಿಯಲಿಲ್ಲ, ಶುರುವಾಗಿದ್ದೇ ಅಲ್ಲಿಂದ.

ಭಾವ ಮೂರು ದಿನ ಕೂತು ಆ ಬೋರ್ಡಿನ ಪುಸ್ತಕ ಓದಿದರು. ಐದನೇ ದೀಪವನ್ನು ನೀರಿನ ಟ್ಯಾಂಕಿಗೆ ಹಾಕಿದರು, ನೀರು ತಳ ಮುಟ್ಟಿದರೆ ಹತ್ತುವಂತೆ. ಆರನೆಯದನ್ನು ಪರಿಮಳದ ಡ್ರಮ್ಮಿಗೆ. ವೈರುಗಳನ್ನು ಒಂದೊಂದಾಗಿ ಎಣಿಸುತ್ತಿದ್ದಾಗ ಹದಿನಾಲ್ಕನೇ ಜಾಗಕ್ಕೆ ಬಂದಿದ್ದ ಒಂದು ಬೂದು ವೈರು ಯಾವುದಕ್ಕೂ ಸೇರಿರಲಿಲ್ಲ. ಅದರ ಬಾಲ ಹಿಡಿದು ಹೊರಟರು. ಅದು ಗೋಡೆ ಹತ್ತಿ, ತೊಲೆ ದಾಟಿ, ಮ್ಯಾನೇಜರ ಕೋಣೆಯ ಬಾಗಿಲ ಚೌಕಟ್ಟಿಗೆ ಹೋಗಿ ನಿಂತಿತು. ಯಾವುದೋ ಕಾಲದಲ್ಲಿ ಕಳ್ಳರ ಗಂಟೆಗೆಂದು ಆ ಬಾಗಿಲಿಗೆ ಸ್ವಿಚ್ಚು ಕೂಡಿಸಿ, ಗಂಟೆ ಕೂಡಿಸುವುದನ್ನು ಮರೆತಿದ್ದರು. ಬಾಗಿಲು ತೆರೆದರೆ ಆ ವೈರಿಗೆ ಸುದ್ದಿ ಬರುತ್ತದೆ, ಕೇಳುವವರು ಮಾತ್ರ ಯಾರೂ ಇಲ್ಲ.

ಭಾವ ಕೇಳಿಸಿಕೊಂಡರು. ಓರೆಗಣ್ಣಿಗೂ ಕಾಣುವಂತೆ ಸಾಲಿನ ತುದಿಯಲ್ಲಿದ್ದ ಎಂಟನೇ ದೀಪವನ್ನು ಹದಿನಾಲ್ಕಕ್ಕೆ ಹಾಕಿದರು. ಮ್ಯಾನೇಜರ ಬಾಗಿಲು ತೆರೆದರೆ ಒಂದು ನಿಮಿಷ ಹಳದಿ ದೀಪ ಮಿಣುಕಬೇಕು. ನಲವತ್ತೆರಡು ಹೆಜ್ಜೆಯಷ್ಟು ಹೊತ್ತು ಅವರ ಎದೆಗೆ ಸಿದ್ಧತೆ ಮಾಡಿಕೊಳ್ಳಲು ಸಿಕ್ಕಿತು.

ಮರುದಿನ ಮ್ಯಾನೇಜರು ಬಂದು "ಏನ್ರೀ!" ಅಂದಾಗ ಭಾವ ನಿಧಾನವಾಗಿ ತಿರುಗಿ "ನಮಸ್ಕಾರ ಸಾರ್" ಅಂದರು. ಈ ಸಲ ಬೆಚ್ಚಿದವರು ಮ್ಯಾನೇಜರು.

ತಿಂಗಳೊಂದು ಕಳೆಯಿತು. ಒಂದೇ ಒಂದು ಸೋಪು ಕೆಡಲಿಲ್ಲ. ಈ ಗುಟ್ಟು ನನಗೆ ಗೊತ್ತಿತ್ತು, ಕಾರ್ಖಾನೆಯ ಎಲೆಕ್ಟ್ರಿಷಿಯನ್ನಿಗೆ ಗೊತ್ತಿತ್ತು, ಆಮೇಲೆ ಮ್ಯಾನೇಜರೊಬ್ಬರನ್ನು ಬಿಟ್ಟು ಉಳಿದ ಅರವತ್ತು ಜನಕ್ಕೂ ಗೊತ್ತಾಯಿತು. ಗುಟ್ಟು ಅಂದಮೇಲೆ ಅಷ್ಟಾದರೂ ಆಗಬೇಕಲ್ಲ. ಭಾವ ಮನೆಯಲ್ಲಿ ಸ್ವಲ್ಪ ಎದೆ ಉಬ್ಬಿಸಿ ಮಾತಾಡತೊಡಗಿದರು. "ಈಗ ಬೋರ್ಡು ಓದೋಕೆ ಬರೋದು ನನಗೊಬ್ಬನಿಗೇ" ಎಂದು ಊಟಕ್ಕೆ ಕೂತಾಗ ಹೇಳಿದರು. ಸಿಗ್ನಲ್ ಮಾವ ತಟ್ಟೆಯಿಂದ ತಲೆ ಎತ್ತದೆ "ದೀಪ ಓದೋದಲ್ಲ ಕಣೋ, ದೀಪ ನಂಬೋದು" ಅಂದರು. ಅದರ ಅರ್ಥ ನಮಗೆ ಆಗ ಆಗಲಿಲ್ಲ.

ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ತಪಾಸಣೆ ಮೇಡಂ ಬಂದರು. ದಪ್ಪ ಫೈಲು, ಸರಪಳಿ ಹಾಕಿದ ಕನ್ನಡಕ, ಪ್ರತಿ ವಾಕ್ಯದ ಕೊನೆಗೂ "ಬರೆದಿದೆಯಾ?" ಎಂಬ ಪ್ರಶ್ನೆ. ಮ್ಯಾನೇಜರ ಕೋಣೆಯಿಂದ ಇಬ್ಬರೂ ಹೊರಟು ಪ್ಯಾನಲ್ಲಿನ ಮುಂದೆ ಬಂದು ನಿಂತಾಗ ಎಂಟನೇ ದೀಪ ಇನ್ನೂ ಪಿಳಿಪಿಳಿ ಮಿಣುಕುತ್ತಿತ್ತು.

"ಇದೇನು?" ಅಂದರು ಮೇಡಂ.

ಭಾವನ ಪಕ್ಕದಲ್ಲೇ ಮ್ಯಾನೇಜರಿದ್ದಾರೆ. ನಿಜ ಹೇಳಿದರೆ ಮೂರನೇ ಪತ್ರ.

"ಅದು ಮೇಡಂ... ಪರಿಸ್ಥಿತಿ ತೋರಿಸುತ್ತೆ."

"ಯಾವುದರ ಪರಿಸ್ಥಿತಿ?"

"ಒಟ್ಟಾರೆ ಪರಿಸ್ಥಿತಿ."

"ಮಿಣುಕಿದ್ರೆ ಏನರ್ಥ?"

"ಸ್ವಲ್ಪ ಸರಿ ಇಲ್ಲ ಅಂತ."

"ಆಗ ನೀವೇನು ಮಾಡ್ತೀರಿ?"

"ಎಲ್ರೂ ಹುಷಾರಾಗಿರ್ತೀವಿ ಮೇಡಂ" ಅಂದರು ಭಾವ. ಆ ದಿನ ಅವರು ಆಡಿದ ಒಂದೇ ನಿಜ ಅದು.

"ಹುಷಾರಾಗಿರೋದು ಅನ್ನೋ ಕ್ರಮ ನಮ್ಮ ಫೈಲಿನಲ್ಲಿ ಇಲ್ಲ" ಅಂದರು ಮೇಡಂ. "ಒಟ್ಟಾರೆ ಪರಿಸ್ಥಿತಿ ಸರಿ ಇಲ್ಲದಿದ್ರೆ ಲೈನು ನಿಲ್ಲಿಸ್ಬೇಕು. ಐದು ನಿಮಿಷ ಎಲ್ರೂ ಇದ್ದಲ್ಲೇ ನಿಲ್ಬೇಕು. ರಿಜಿಸ್ಟರಿನಲ್ಲಿ ಬರೀಬೇಕು. ಆಮೇಲೆ ಶುರು ಮಾಡ್ಬೇಕು. ಆದ್ರೆ ಒಂದು ಮಾತು, ಇಂಥ ದೀಪ ನಮ್ಮ ಬೇರೆ ಯಾವ ಕಾರ್ಖಾನೆಯಲ್ಲೂ ಇಲ್ಲ. ಇದು ಯಾರ ಯೋಚನೆ?"

"ನಮ್ಮ ಕಾರ್ಖಾನೆಯದೇ" ಅಂದರು ಮ್ಯಾನೇಜರು, ಟೈ ಸರಿಮಾಡಿಕೊಳ್ಳುತ್ತ. ಆ ದೀಪವನ್ನು ಅವರು ನೋಡಿದ್ದು ಅದೇ ಮೊದಲು.

ಮೇಡಂ ದೀಪದ ಕೆಳಗೆ ಚೀಟಿ ಅಂಟಿಸಿದರು: "ಒಟ್ಟಾರೆ ಪರಿಸ್ಥಿತಿ. ಕ್ರಮ: ಲೈನ್ ನಿಲ್ಲಿಸಿ." ಯಾರೂ ಏನನ್ನೂ ಬದಲಾಯಿಸಬಾರದೆಂದು ಕೀಲಿಮಣೆಯ ಮೇಲೆ ಕಾಗದ ಅಂಟಿಸಿ, ಸಹಿ ಹಾಕಿ, ಸೀಲು ಒತ್ತಿ ಹೊರಟುಹೋದರು.

ಮರುದಿನ ಒಂಬತ್ತು ಗಂಟೆಗೆ ಮ್ಯಾನೇಜರು ಹುಮ್ಮಸ್ಸಿನಿಂದ ಬಾಗಿಲು ತೆರೆದರು. ದೀಪ ಮಿಣುಕಿತು. ಭಾವ ನಿಯಮದಂತೆ ಕೆಂಪು ಗುಂಡಿ ಒತ್ತಿದರು. ಇಡೀ ಕಾರ್ಖಾನೆ ನಿಂತಿತು. ಮ್ಯಾನೇಜರು ನಲವತ್ತೆರಡು ಹೆಜ್ಜೆಯನ್ನೂ ಮೌನದಲ್ಲಿ ನಡೆದು ಬಂದರು. ಅರವತ್ತು ಜನ ಇದ್ದಲ್ಲೇ ನಿಂತು ಅವರನ್ನೇ ನೋಡುತ್ತಿದ್ದರು.

"ಏನ್ರೀ?" ಅಂದರು. ಈ ಸಲ ಅದಕ್ಕೆ ಅರ್ಥವಿತ್ತು.

"ಎಂಟು ಸಾರ್."

"ಏನಾಗಿದೆ?"

"ಗೊತ್ತಿಲ್ಲ ಸಾರ್. ಪರಿಸ್ಥಿತಿ."

ಐದು ನಿಮಿಷ ಕಳೆದು ಲೈನು ಶುರುವಾಯಿತು. ಮ್ಯಾನೇಜರು ಸಮಾಧಾನದಿಂದ ತಮ್ಮ ಕೋಣೆಗೆ ಮರಳಿ ಬಾಗಿಲು ತೆರೆದರು. ಮತ್ತೆ ನಿಂತಿತು. ಯಾಕೆಂದು ನೋಡಲು ಹೊರಗೆ ಬಂದರು. ಐದು ನಿಮಿಷ ಮತ್ತೆ ಮೊದಲಿನಿಂದ ಶುರು. ಆ ದಿನ ರಿಜಿಸ್ಟರಿನಲ್ಲಿ ಹದಿನೇಳು ಸಲ "ಪರಿಸ್ಥಿತಿ" ಎಂದು ಬರೆದಾಯಿತು.

ಮ್ಯಾನೇಜರು ದಡ್ಡರಲ್ಲ. ಮೂರನೇ ದಿನ ರಿಜಿಸ್ಟರು ತರಿಸಿಕೊಂಡು ತಾವು ಎದ್ದ ಹೊತ್ತು, ಕೂತ ಹೊತ್ತುಗಳ ಜೊತೆ ತಾಳೆ ನೋಡಿದರು. ಅವರ ಕೋಣೆಗೆ ಬೇರೆ ಯಾರೂ ಹೋಗುವ ಪದ್ಧತಿಯಿರಲಿಲ್ಲ. ಕಾಗದಪತ್ರವೆಲ್ಲ ಗೋಡೆಯ ಪುಟ್ಟ ಕಿಂಡಿಯಲ್ಲೇ ಒಳಹೋಗಿ ಹೊರಬರುತ್ತಿದ್ದವು. ಲೆಕ್ಕ ಸರಿಯಾಗಿ ಕೂಡಿತು. ತಾವು ಹೊರಗೆ ಬಂದರೆ ಲೈನು ನಿಲ್ಲುತ್ತದೆ. ಇಲ್ಲಿಯವರೆಗೆ ಅವರ ತರ್ಕದಲ್ಲಿ ತಪ್ಪಿಲ್ಲ. ಮುಂದಿನ ಹೆಜ್ಜೆಯಲ್ಲಿ ಮಾತ್ರ ಬಾಗಿಲನ್ನು ಬಿಟ್ಟು ತಮ್ಮ ಮೈಯನ್ನು ಹಿಡಿದುಕೊಂಡರು.

ಎಲೆಕ್ಟ್ರಿಷಿಯನ್ನನ್ನು ಕಿಂಡಿಯ ಬಳಿಗೆ ಕರೆಸಿದರು. ಜೇಬಿನಲ್ಲಿ ಸದಾ ಟೆಸ್ಟರು ಇಟ್ಟುಕೊಂಡಿರುವುದರಿಂದ ಅವನನ್ನು ನಾವು ಟೆಸ್ಟರ್ ಅಂತಲೇ ಕರೆಯುವುದು.

"ಒಬ್ಬ ಮನುಷ್ಯ ನಡೆದು ಬಂದ್ರೆ ಬೋರ್ಡಿಗೆ ಗೊತ್ತಾಗುತ್ತೇನಯ್ಯಾ?"

ಇಲ್ಲವೆಂದರೆ ಹುಡುಕಾಟ ಬಾಗಿಲಿಗೆ ಬಂದು ಭಾವನ ಕೆಲಸ ಹೋಗುತ್ತದೆ, ಹೌದೆಂದರೆ ಟೆಸ್ಟರನ ವಿದ್ಯೆಗೆ ಅವಮಾನ.

"ಸಾರ್... ಕೆಲವರ ಮೈಯಲ್ಲಿ ಕರೆಂಟು ಸ್ವಲ್ಪ ಜಾಸ್ತಿ ಇರುತ್ತೆ" ಅಂದ. ಅಂದಮೇಲೆ ಪರೀಕ್ಷೆ ಮಾಡದೆ ಬಿಡುವಂತಿಲ್ಲ. ಕಿಂಡಿಯಲ್ಲಿ ಕೈ ತೂರಿಸಿ ಮ್ಯಾನೇಜರ ಮೊಣಕೈಗೆ ಟೆಸ್ಟರು ಮುಟ್ಟಿಸಿ, ಹುಬ್ಬು ಗಂಟಿಕ್ಕಿ, "ರಬ್ಬರ್ ಶೂ ಹಾಕ್ಕೊಂಡು ನೋಡಿ ಸಾರ್" ಅಂದ.

ಮ್ಯಾನೇಜರು ರಬ್ಬರ್ ಶೂ ಹಾಕಿಕೊಂಡರು. ಲೈನು ನಿಂತಿತು. ವಾಚು ಬಿಚ್ಚಿದರು, ಬೆಲ್ಟು ಬಿಚ್ಚಿದರು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬಂದರು. ಆಗಲೂ ನಿಂತಿತು. ಡಾಕ್ಟರ ಬಳಿ ಹೋದರು. ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, "ದೀಪ ಯಾವ ಬಣ್ಣದ್ದು?" ಎಂದು ಕೇಳಿದರಂತೆ. ಹಳದಿ ಅಂದದ್ದಕ್ಕೆ "ಹಾಗಾದ್ರೆ ಹೆದರೋದೇನಿಲ್ಲ" ಅಂದು, ದಿನಕ್ಕೆ ಹತ್ತು ಲೋಟ ನೀರು ಕುಡಿಯಿರಿ, ಓಡಾಟ ಕಮ್ಮಿ ಮಾಡಿ ಎಂದು ಬರೆದುಕೊಟ್ಟರು.

ಅವರು ಓಡಾಟ ಕಮ್ಮಿ ಮಾಡಿದರು. ಬೆಳಿಗ್ಗೆ ಒಳಗೆ ಹೋದವರು ಸಂಜೆಯೇ ಹೊರಬರುವುದು. ಲೈನು ದಿನವಿಡೀ ನಿಲ್ಲದೆ ಓಡಿತು. ಯಾರೂ ಬಂದು ಏನ್ರೀ ಅನ್ನದ ಕಾರಣ ಇಡೀ ಕಾರ್ಖಾನೆಯಲ್ಲಿ ಯಾರೂ ಬೆಚ್ಚಲಿಲ್ಲ. ಹಿಂದೆಂದೂ ಬಾರದಷ್ಟು ಸೋಪು ಬಂತು. ಮುಖ್ಯ ಕಚೇರಿಯಿಂದ ಮ್ಯಾನೇಜರಿಗೆ ಮೆಚ್ಚುಗೆ ಪತ್ರ ಬಂತು. ಅದನ್ನು ಅವರು ಕಿಂಡಿಯಲ್ಲಿ ತೆಗೆದುಕೊಂಡು, ಒಬ್ಬರೇ ಕೂತು ಓದಿಕೊಂಡರು.

ಒಂದು ಸಂಜೆ ಮ್ಯಾನೇಜರ ಹೆಂಡತಿ ನಮ್ಮಕ್ಕನಿಗೆ ಫೋನ್ ಮಾಡಿದರು.

"ನಿಮ್ಮ ಯಜಮಾನ್ರು ಬೋರ್ಡು ಓದೋರಂತಲ್ಲ, ಒಂದ್ಸಲ ಬಂದು ನಮ್ಮವರನ್ನ ನೋಡೋಕಾಗುತ್ತಾ? ಮನೆಯಲ್ಲೂ ಶುರುವಾಗಿದೆ ಅಂತಾರೆ. ಅವರು ಫ್ರಿಜ್ಜಿನ ಬಾಗಿಲು ತೆಗೆದ್ರೆ ಸಾಕು, ಒಳಗೆ ದೀಪ ಹತ್ತುತ್ತೆ."

"ಅಯ್ಯೋ, ಬಾಗಿಲು ತೆಗೆದ್ರೆ ಎಲ್ರಿಗೂ ಹತ್ತುತ್ತಲ್ಲ!" ಅಂದಳು ಅಕ್ಕ.

ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದ ಭಾವನಿಗೆ ನೆತ್ತಿ ಹತ್ತಿ, ಬೆನ್ನು ತಟ್ಟಲು ನಾನು ಹೋಗಬೇಕಾಯಿತು. ತಟ್ಟಿಸಿಕೊಂಡು ಅವರು ಹೇಳಿದ್ದಿಷ್ಟು: "ಪಾಪ ಕಣೋ. ಗಾಜಿನ ಹಿಂದೆ ನಿಂತ್ಕೊಂಡು ನಮ್ಮನ್ನೇ ನೋಡ್ತಾ ಇರ್ತಾರೆ. ಬಾಗಿಲ ಹಿಡಿ ಮೇಲೆ ಕೈ ಇಡ್ತಾರೆ, ಮತ್ತೆ ಕೈ ಹಿಂದಕ್ಕೆ ತಗೊಳ್ತಾರೆ. ನಾಳೆ ಹೇಳ್ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಮರುದಿನ ನನ್ನನ್ನು ಪ್ಯಾನಲ್ಲಿನ ಮುಂದೆ ನಿಲ್ಲಿಸಿ, ನಿಯಮ ಮೀರಬೇಡ ಎಂದು ಹೇಳಿ, ಧೈರ್ಯ ಮಾಡಿ ಮ್ಯಾನೇಜರ ಕೋಣೆಗೆ ಹೋದರು. ಕಿಂಡಿಯಲ್ಲಿ ಹೇಳುವ ವಿಷಯವಲ್ಲವೆಂದು ಬಾಗಿಲನ್ನೇ ತೆರೆದರು. ಎಂಟು ಮಿಣುಕಿತು. ನಾನು ನಿಯಮ ಮೀರಲಿಲ್ಲ, ಲೈನು ನಿಲ್ಲಿಸಿದೆ. ಮ್ಯಾನೇಜರು ಗಾಜಿನಾಚೆ ಲೈನು ನಿಂತದ್ದನ್ನು ನೋಡಿ ಕುರ್ಚಿಯಲ್ಲೇ ಕಿರುಚಿದರು.

"ನಾನು ಎದ್ದೇ ಇಲ್ಲ ಕಣ್ರೀ! ಕೂತಲ್ಲೇ ಕೂತಿದೀನಿ! ಕೂತಿದ್ರೂ ನಿಲ್ತಿದೆ! ಜಾಸ್ತಿ ಆಗ್ಬಿಟ್ಟಿದೆ!"

ಆ ಕೂಗಿಗೆ ಭಾವ ಬೆಚ್ಚಿಬಿದ್ದು, ಮೇಜಿನ ಮೇಲಿದ್ದ ಹತ್ತು ಲೋಟದ ನೀರಿನ ಜಗ್ಗನ್ನು ಮ್ಯಾನೇಜರ ಮಡಿಲಿಗೆ ಕೆಡವಿ, "ಒರೆಸೋಕೆ ಬಟ್ಟೆ ತರ್ತೀನಿ ಸಾರ್" ಅಂದು ಹೊರಗೆ ಓಡಿಬಂದರು. ತಪ್ಪೊಪ್ಪಿಗೆ ಅಲ್ಲಿಗೆ ನಿಂತಿತು.

ಇತ್ತ ಎಂಟನೇ ದೀಪದ ಕೀರ್ತಿ ಮುಖ್ಯ ಕಚೇರಿಯಲ್ಲಿ ಹಬ್ಬಿತ್ತು. ಕಾರ್ಖಾನೆಯವರ ಮನೆಮಂದಿಯೆಲ್ಲ ಬಂದು ನೋಡುವ ಒಂದು ದಿನ ಇಟ್ಟುಕೊಂಡರು. ತಪಾಸಣೆ ಮೇಡಂ ಕೂಡ ಬಂದು ಎಲ್ಲರಿಗೂ ದೀಪವನ್ನು ವಿವರಿಸುತ್ತಾರೆಂದು ಸುತ್ತೋಲೆ ಬಂತು. ಅಕ್ಕ ಅದನ್ನು ಮನೆಯಲ್ಲಿ ಜೋರಾಗಿ ಓದಿದಳು.

ಸಿಗ್ನಲ್ ಮಾವ ಪೇಪರು ಕೆಳಗಿಟ್ಟರು.

"ಅದೇನು ತೋರಿಸುತ್ತೋ ಆ ದೀಪ?"

"ಪರಿಸ್ಥಿತಿ ಅಪ್ಪ."

"ಯಾವುದರದು?"

"ಒಟ್ಟಾರೆ."

"ಒಂದು ದೀಪಕ್ಕೆ ಒಂದೇ ಮಾತು ಕಣೋ. ನಿಲ್ಲು, ಇಲ್ಲ ಹೋಗು. ಒಟ್ಟಾರೆ ಅನ್ನೋ ಸಿಗ್ನಲ್ ನಾನು ಮೂವತ್ತಾರು ವರ್ಷದಲ್ಲಿ ನೋಡಿಲ್ಲ. ನಾನೂ ಬರ್ತೀನಿ."

ಭಾವ ಸುತ್ತೋಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಕೆಲಸ ಹೋಗುವುದಕ್ಕಿಂತ ಹೆಚ್ಚಿನದೊಂದು ಹೆದರಿಕೆ ಅವರಿಗಿತ್ತು ಎಂದು ನನಗೆ ತಿಳಿದದ್ದು ಆಗಲೇ. ದೀಪದಲ್ಲಿ ಸುಳ್ಳು ಹೇಳಿದ ಮಗ ಎಂದು ಅಪ್ಪನಿಂದ ಅನ್ನಿಸಿಕೊಳ್ಳುವುದು.

ಆ ದಿನ ಸಿಗ್ನಲ್ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಹೆಂಗಸರು, ಮಕ್ಕಳು, ಅಕ್ಕಪಕ್ಕದ ಮನೆಯವರು ಎಲ್ಲ ಪ್ಯಾನಲ್ಲಿನ ಸುತ್ತ ನೆರೆದಿದ್ದರು. ಉಳಿದವರೆಲ್ಲ ಮಿಣುಕುವ ದೀಪ ನೋಡುತ್ತಿದ್ದರೆ ಸಿಗ್ನಲ್ ಮಾವ ಮಾತ್ರ ದೀಪ ಮಿಣುಕಿದ ಕೂಡಲೇ ಬೆನ್ನು ತಿರುಗಿಸಿ ದೂರಕ್ಕೆ ನೋಡುತ್ತಿದ್ದರು. ಸಿಗ್ನಲ್ಲಿನವರ ರೂಢಿ ಅದು. ದೀಪ ಬದಲಾದರೆ ಹಳಿಯ ಮೇಲೆ ಏನು ಬರುತ್ತಿದೆ ಎಂದು ನೋಡಬೇಕು.

ತಪಾಸಣೆ ಮೇಡಂ ಮ್ಯಾನೇಜರ ಕೋಣೆಗೆ ಹೋದರು. ದೀಪ ಮಿಣುಕಿತು, ಲೈನು ನಿಂತಿತು. ಮೇಡಂ ಫೈಲು ಹಿಡಿದು ಹೊರಬಂದರು, ಮತ್ತೆ ಮಿಣುಕಿತು. ಪೆನ್ನು ಮರೆತು ಮತ್ತೆ ಒಳಹೋಗಿ ಬಂದರು, ಮತ್ತೆ ಮಿಣುಕಿತು. ಒಳಗಿದ್ದ ಮ್ಯಾನೇಜರು ಗಾಜಿನಲ್ಲಿ ಇದನ್ನೆಲ್ಲ ನೋಡಿದವರೇ ರಬ್ಬರ್ ಶೂ ಹಾಕಿಕೊಂಡು ಮೇಡಂ ಹಿಂದೆಯೇ ಓಡಿಬಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾವು ಎಂದೂ ಕಂಡಿರಲಿಲ್ಲ.

"ಮೇಡಂ! ನಿಮಗೂ ಇದೆ!"

"ಏನಿದೆ?"

"ಮೈಯಲ್ಲಿ ಕರೆಂಟು! ನನಗಿಂತ ಜಾಸ್ತಿ ಇದೆ! ಹೆದರ್ಬೇಡಿ, ಹತ್ತು ಲೋಟ ನೀರು ಕುಡೀರಿ!"

ಮೇಡಂ ಮುಖ ಕೆಂಪಾಯಿತು. "ನನ್ನ ಮೈಯಲ್ಲಿ ಏನೂ ಇಲ್ಲ. ಇದ್ದಿದ್ರೆ ಫೈಲಿನಲ್ಲಿ ಬರೆದಿರ್ತಿತ್ತು."

ಟೆಸ್ಟರ್ ಜನರ ಹಿಂದೆ ಮೆಲ್ಲಗೆ ಮರೆಯಾದ. ಆಗ ಸಿಗ್ನಲ್ ಮಾವ ಗಂಟಲು ತೆರೆದರು.

"ಮೈಯಲ್ಲಿ ಅಲ್ಲ. ಬಾಗಿಲಲ್ಲಿದೆ."

ಕಾರ್ಖಾನೆ ನಿಯಮದಂತೆ ನಿಂತೇ ಇತ್ತು, ಹಾಗಾಗಿ ಆ ಮಾತು ಮೂಲೆಮೂಲೆಗೂ ಕೇಳಿಸಿತು. ಅವರು ನಲವತ್ತೆರಡು ಹೆಜ್ಜೆ ನಡೆದುಹೋಗಿ, ಹೊರಗೆ ನಿಂತೇ ಬಾಗಿಲು ತೆರೆದರು. ಮಿಣುಕಿತು. ಮುಚ್ಚಿ, ಒಂದು ನಿಮಿಷ ಕಾದು, ದೀಪ ನಿಂತಮೇಲೆ ಬರೀ ಒಂದು ಬೆರಳಲ್ಲಿ ಮತ್ತೆ ತೆರೆದರು. ಮಿಣುಕಿತು. ವಾಪಸು ನಡೆದು ಬಂದು ಮಗನ ಎದುರು ನಿಂತರು. ಹಿಂದೆ ಅಲ್ಲ, ಎದುರು.

"ಯಾಕೋ?" ಅಂದರು.

ಭಾವ ಮ್ಯಾನೇಜರ ಕಡೆ ನೋಡಲಿಲ್ಲ, ಮೇಡಂ ಕಡೆ ನೋಡಲಿಲ್ಲ.

"ಹಿಂದಿನಿಂದ ಯಾರಾದ್ರೂ ಕೂಗಿದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ ಅಪ್ಪ. ಚಿಕ್ಕಂದಿನಿಂದಲೂ ಹಾಗೇ. ಸಾರ್ ಬರೋದು ಮೊದಲೇ ಗೊತ್ತಾದ್ರೆ ಸರಿಯಾಗಿರ್ತೀನಿ. ಅದಕ್ಕೇ ಹಾಕ್ಕೊಂಡೆ. ಪರಿಸ್ಥಿತಿ ಅಂದದ್ದು ಸುಳ್ಳು. ಸಾರ್ ನನ್ನಿಂದ ಇಷ್ಟು ದಿನ ಒಳಗೇ ಕೂತಿದ್ರು, ಅದು ಅದಕ್ಕಿಂತ ದೊಡ್ಡ ತಪ್ಪು."

ಸಿಗ್ನಲ್ ಮಾವ ಮಗನ ಕೈಗಳನ್ನೇ ನೋಡಿದರು. ಅವರು ಆ ನೋಟ್‌ಪುಸ್ತಕದ ಗೆರೆಗಳನ್ನು ನೆನೆಸಿಕೊಂಡರೋ ಏನೋ, ನನಗೆ ಗೊತ್ತಿಲ್ಲ.

ಮ್ಯಾನೇಜರು ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ಮೊಣಕೈ ಮುಟ್ಟಿ ನೋಡಿಕೊಂಡರು. "ಅಂದ್ರೆ ನನಗೇನೂ ಆಗಿಲ್ಲ?" ಅಂದರು. ಹೆಂಡತಿಗೆ ಅಲ್ಲಿಂದಲೇ "ಲೇ, ನನಗೇನೂ ಆಗಿಲ್ವಂತೆ! ಫ್ರಿಜ್ಜೂ ಸರಿಯಾಗಿದೆಯಂತೆ!" ಎಂದು ಕೂಗಿ ಹೇಳಿದರು. ಸಂತೋಷ ಇಳಿದ ಮೇಲೆ ಸಿಟ್ಟು ನೆನಪಾಯಿತು. "ಏನ್ರೀ!" ಎಂದು ಭಾವನ ಕಡೆ ತಿರುಗಿದರು. "ಮೂರನೇ ಪತ್ರ ಈಗ್ಲೇ ಬರೀತೀನಿ!"

"ನಿಲ್ಲಿ" ಅಂದರು ಮೇಡಂ. ಅವರು ಆಗಲೇ ರಿಜಿಸ್ಟರು ತೆರೆದಿದ್ದರು. "ಈ ದೀಪ ಹಾಕೋ ಮುಂಚೆ ಒಂದು ತಿಂಗಳಲ್ಲಿ ಹನ್ನೊಂದು ಹದ ಕೆಟ್ಟಿದೆ. ಅಷ್ಟೂ ಗಂಟೆ ಹೊಡೆಯೋ ಹೊತ್ತಿಗೇ ಕೆಟ್ಟಿದೆ. ಆ ಹೊತ್ತಿಗೆ ಲೈನಿನಲ್ಲಿ ಏನಾಗ್ತಿತ್ತು?"

ಮ್ಯಾನೇಜರು ಟೈ ಸಡಿಲಿಸಿಕೊಂಡು "ನಾನು ಸುತ್ತು ಬರ್ತಿದ್ದೆ" ಅಂದರು.

"ದೀಪ ಹಾಕಿದ ಮೇಲೆ ಒಂದೂ ಕೆಟ್ಟಿಲ್ಲ. ಹಾಗಾದ್ರೆ ದೀಪ ಸರಿ ಇದೆ. ಚೀಟಿ ತಪ್ಪಿದೆ."

"ಅದೇ ನಾನೂ ಹೇಳೋದು" ಅಂದರು ಸಿಗ್ನಲ್ ಮಾವ. "ನಮ್ಮಲ್ಲಿ ಗಾಡಿ ಬರೋ ಮುಂಚೆ ಗಂಟೆ ಹೊಡೀತಿದ್ವಿ. ಗಾಡಿಗೆ ಅದರಿಂದ ಅವಮಾನ ಆಗ್ತಿರಲಿಲ್ಲ. ಏನು ಬರ್ತಿದೆಯೋ ಅದನ್ನೇ ಬರೆದು ಅಂಟಿಸಿ."

ಮೇಡಂ ಹಳೆಯ ಚೀಟಿ ಕಿತ್ತು ಹೊಸದು ಬರೆದು ಸೀಲು ಒತ್ತಿದರು. ಅದು ಇವತ್ತಿಗೂ ಅಲ್ಲಿದೆ: "ದೀಪ ೮. ಮ್ಯಾನೇಜರು ಬರುತ್ತಿದ್ದಾರೆ. ಕ್ರಮ: ಬೆಚ್ಚಬಾರದು." ಕೆಳಗೆ ಮ್ಯಾನೇಜರ ಸಹಿಯಿದೆ. ಸಹಿ ಸ್ವಲ್ಪ ವಕ್ರವಾಗಿದೆ, ಯಾಕೆಂದರೆ ಅವರು ಸಹಿ ಹಾಕುವಾಗ ಹಿಂದಿನಿಂದ ಯಾರೋ ಜೋರಾಗಿ ಸೀನಿದರು. ಸುಳ್ಳು ಹೇಳಿದ್ದಕ್ಕೆ ಭಾವನಿಗೆ ಶಿಕ್ಷೆ ತಪ್ಪಲಿಲ್ಲ. ಕಾರ್ಖಾನೆಯ ಎಲ್ಲ ಪ್ಯಾನಲ್ಲುಗಳ ಎಲ್ಲ ದೀಪಕ್ಕೂ ಸ್ವಂತ ಕೈಬರಹದಲ್ಲಿ ಚೀಟಿ ಬರೆದು ಅಂಟಿಸಬೇಕೆಂದು ಮೇಡಂ ಆಜ್ಞೆ ಮಾಡಿದರು.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಎಂಟು ಮಿಣುಕಿತು. ಮ್ಯಾನೇಜರು ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು.

"ಏನ್ರೀ, ಏಳನೇದು ಖಾಲಿ ಇದೆ ಅಲ್ವಾ?"

"ಇದೆ ಸಾರ್."

"ಮುಖ್ಯ ಕಚೇರಿ ಕಾರು ಗೇಟಿಗೆ ಬಂದ್ರೆ, ಅದರಿಂದ ವೈರು ಎಳೆದು ನನ್ನ ಕೋಣೆಯಲ್ಲಿ ಒಂದು ಚಿಕ್ಕ ದೀಪ ಹತ್ತೋ ಹಾಗೆ... ಮಾಡೋಕಾಗುತ್ತಾ? ನಾನೂ ಮನುಷ್ಯನೇ ಅಲ್ವಾ."

"ಮಾಡ್ಬಹುದು ಸಾರ್. ಆದ್ರೆ ಅದೇನು ತೋರಿಸುತ್ತೆ ಅಂತ ಕೆಳಗೆ ಬರೀಬೇಕು."

ಮ್ಯಾನೇಜರು ಎಂಟರ ಕೆಳಗಿನ ಚೀಟಿ ಓದಿ, "ಬೇಡ ಬಿಡಿ" ಅಂದು ನಲವತ್ತೆರಡು ಹೆಜ್ಜೆ ವಾಪಸು ನಡೆದರು. ಏಳರ ಕೆಳಗೆ ಭಾವ "ಖಾಲಿ" ಎಂದು ಚೀಟಿ ಅಂಟಿಸಿದರು.

ಸಂಜೆ ನಾನು ಇದನ್ನು ಮನೆಯಲ್ಲಿ ಹೇಳಿದೆ. ಅಕ್ಕ ನಕ್ಕಳು. ಸಿಗ್ನಲ್ ಮಾವ ನಗಲಿಲ್ಲ. ಎದ್ದುಹೋಗಿ ಬೀರುವಿನ ಮೇಲಿನ ಕೈದೀಪ ಇಳಿಸಿ, ಭಾವನ ಮುಂದೆ ಇಟ್ಟು, "ಗಾಜು ಮಂಕಾಗಿದೆ, ಒರೆಸು" ಅಂದು ಅಂಗಳಕ್ಕೆ ಹೋದರು.

ಭಾವ ಹಳೆಯ ಬಟ್ಟೆ ತಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಕೆಂಪು ಗಾಜು ಒರೆಸಿದರು. ಬಿರುಕು ಬಿಟ್ಟ ಹಸಿರು ಗಾಜನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೂ ನಿಧಾನವಾಗಿ ಒರೆಸತೊಡಗಿದರು. ಅಷ್ಟರಲ್ಲಿ ಸಿಗ್ನಲ್ ಮಾವ ಅಂಗಳದಿಂದ ಸದ್ದಿಲ್ಲದೆ ಬರುವುದು ನನಗೆ ಕಂಡಿತು. ಅಕ್ಕ ಕೀಗೊಂಚಲು ಹುಡುಕತೊಡಗಿದಳು.

ಸಿಗ್ನಲ್ ಮಾವ ಹೊಸ್ತಿಲ ಹೊರಗೆ ನಿಂತರು. ಎರಡು ಸಲ ಕೆಮ್ಮಿದರು. ಆಮೇಲೆ ಒಳಗೆ ಬಂದರು.